ನೀನು ಕೈ ನಿಲ್ಲಿಸಿದ ಜಾಗ

ಶಿವಾಜಿ,

ನೀನು ಬಾರಿಸುತ್ತಿದ್ದ ಗೋವಾದ ಹೋಟೆಲಿನಿಂದ ಕಳಿಸಿದ್ದ ಗಿಟಾರಿನ ರೆಕಾರ್ಡಿಂಗನ್ನು ಇವತ್ತು ಸ್ವರಲಿಪಿಗೆ ಇಳಿಸಲು ಕೂತಿದ್ದೆ. ನೀನು ತೀರಿಹೋದಾಗಿನಿಂದ ನಿನ್ನ ಮಗಳು ಮಹಾಲಕ್ಷ್ಮಿ ಅದನ್ನೇ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳಂತೆ. ನಮ್ಮ ಅಳ್ನಾವರದಲ್ಲಿ ಸ್ಪೇನಿನ ಫ್ಲಮೆಂಕೊ ಸಂಗೀತ ಬಲ್ಲವರು ಯಾರಿದ್ದಾರೆ? ಹಾರ್ಮೋನಿಯಂ ಕಲಿಸುವ ನನ್ನ ಬಳಿಗೇ ನಿನ್ನ ಅವ್ವ ಬಂದಳು.

ನಿನ್ನ ಬೆರಳಿಗೆ ತಾಳದ ಹಂಗೇ ಇಲ್ಲ. ನಾನು ತಾಳದ ಮಾತ್ರೆ ಗುರುತು ಹಾಕಿದಲ್ಲೆಲ್ಲ ಜಾರಿಕೊಂಡು ಹೋಗುತ್ತದೆ. ಕೊನೆಗೆ ಮಾತ್ರೆ ಬಿಟ್ಟು, ಕೇಳಿದ ಸ್ವರವನ್ನಷ್ಟೇ ಬರೆಯುತ್ತ ಹೋದೆ. ನಡುವೆ, ಕೋಮಲ ರಿಷಭದ ಮೇಲೆ, ನೀನು ಕೈ ನಿಲ್ಲಿಸುವ ಜಾಗ ಬಂತು. ಎಷ್ಟು ಹೊತ್ತು ನಿಲ್ಲಬೇಕೆಂದು ತಿಳಿಯಲು ಇಯರ್‌ಫೋನ್ ಹಾಕಿಕೊಂಡೆ. ಆ ಮೌನದೊಳಗೆ ನೀನು ಏದುಸಿರು ಬಿಡುತ್ತಿದ್ದೆ. ಉಸಿರೆಳೆದುಕೊಳ್ಳಲು ಒದ್ದಾಡಿ, ಕೆಮ್ಮನ್ನು ಅದುಮಿಕೊಂಡು, ಮತ್ತೆ ತಂತಿ ಮುಟ್ಟಿದ್ದೆ.

ಎದುರಿಗೆ ಕೂತಿದ್ದ ನಿನ್ನ ಅವ್ವ ಕೇಳಿದಳು, "ಯಾಕಪಾ ಈರೇಶಾ, ಬರಿಯೂದು ನಿಲ್ಲಿಸಿದಿ?"

"ಇಲ್ಲೆ ಸುಮ್ಮನಾಗ್ಯಾನ ಬೇ. ಖಾಲಿ ಬಿಡ್ತೇನಿ."

"ಹೋದ ದೀಪಾವಳ್ಯಾಗ ಬಾರಿಸಿದ್ದು ಅದು. ಆಗಿನ್ನೂ ಆರಾಮಿದ್ದ ನನ್ನ ಮಗ."

"ಹೌದಬೇ, ಆರಾಮಿದ್ದ," ಎಂದೆ.

ಅವಳು ಹೋದ ಮೇಲೆ ನಮ್ಮ ಹಳೆಯ ಮೆಸೇಜುಗಳನ್ನು ತೆರೆದೆ. ರೆಕಾರ್ಡಿಂಗಿನ ಕೆಳಗೆ ನೀನು, "ಹೆಂಗ ಆಗೇತಿ?" ಎಂದು ಕೇಳಿದ್ದೆ.

"ನಡುವ ನಿಲ್ಲಿಸಿದಿ ನೋಡು, ಅದು ಅಗದಿ ಛಲೋ ಆಗೇತಿ," ಎಂದು ನಾನು ಬರೆದಿದ್ದೆ.

ಅದಕ್ಕೆ ನೀನು ನಗುವ ಮುಖವೊಂದನ್ನು ಕಳಿಸಿದ್ದೆ.