ನಂಬರ್ ಕೊಡದ ಫೋಲ್ಡರ್

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 11

ಸ್ಟುಡಿಯೋ ಷಟರ್ ಎತ್ತಿದೆ, ಕಸ ಗುಡಿಸಿದೆ, ಸ್ಟೂಲು ಒರೆಸಿದೆ. ಮೊದಲ ಗಿರಾಕಿ ಒಬ್ಬ ತಾತ, ಪಾಸ್‌ಪೋರ್ಟ್ ಫೋಟೋಗೆ. ನಗಬೇಡಿ ಅಂದಷ್ಟೂ ನಗು. ಐದನೇ ಸಲಕ್ಕೆ ಗಂಭೀರವಾದರು, ಆದರೆ ಕಣ್ಣು ಮುಚ್ಚಿಕೊಂಡರು.

ಪ್ರಿಂಟ್ ಹಾಕೋಣ ಅಂತ ಕಂಪ್ಯೂಟರ್ ಹತ್ತಿರ ಬಂದರೆ ಪರದೆ ನಿಂತಲ್ಲೇ ನಿಂತಿದೆ. ಒಳಗಿನಿಂದ ಟಕ್... ಟಕ್... ಹಲ್ಲಿ ಲೊಚಗುಟ್ಟಿದ ಹಾಗೆ. ಆರಿಸಿ ಮತ್ತೆ ಹಾಕಿದೆ. ಮತ್ತೆ ಅದೇ ಟಕ್. ಹಾರ್ಡ್ ಡಿಸ್ಕ್ ಕೈಕೊಟ್ಟಿದೆ.

ಗಾಬರಿಯೇನೂ ಆಗಲಿಲ್ಲ. ಗಿರಾಕಿಗಳ ಫೋಟೋಗಳನ್ನೆಲ್ಲ ಇವಳು, ನನ್ನ ಹೆಂಡತಿ, ಪ್ರತಿ ಶನಿವಾರ ಎರಡನೇ ಡಿಸ್ಕಿಗೆ ಕಾಪಿ ಮಾಡುತ್ತಾಳೆ. ಒಳಗೆ ಫೋಟೋ ಕತ್ತರಿಸುತ್ತ ಕೂತಿದ್ದಳು. ಹೋಗಿ ಹೇಳಿದೆ. ಕತ್ತರಿ ಕೆಳಗಿಟ್ಟಳು.

“ಮಗೂದು?” ಅಂದಳು.



ಅದೇ ದಿನ, ಸಂಜೆ

ನಿಯಮ ನನ್ನದೇ. ಕೆಲಸ ಮುಗಿದು ಗಿರಾಕಿ ಫೋಟೋ ಒಯ್ದ ಮೇಲೆ ಫೋಲ್ಡರಿಗೆ ಒಂದು ನಂಬರ್. ನಂಬರ್ ಇದ್ದದ್ದು ಮಾತ್ರ ಎರಡನೇ ಡಿಸ್ಕಿಗೆ. ಜಾಗ ಸಾಲದು, ಉಳಿದದ್ದು ಬೇಡ ಅಂದವನು ನಾನು.

ನಮ್ಮ ಮಗಳು ಮಿಣಕಿಯ ಫೋಟೋಗಳು ‘ಸುಮ್ಮನೆ’ ಅನ್ನುವ ಫೋಲ್ಡರಿನಲ್ಲಿದ್ದವು. ಫ್ಲಾಶ್ ಬಿದ್ದಾಗಲೆಲ್ಲ ಕಣ್ಣು ಮಿಟುಕಿಸುತ್ತಿದ್ದಳು, ಅದಕ್ಕೇ ಆ ಹೆಸರು. ಗಿರಾಕಿ ಕೂರುವ ಮುಂಚೆ ಬೆಳಕು ನೋಡಲು ಅವಳನ್ನೇ ಸ್ಟೂಲಿನ ಮೇಲೆ ಕೂರಿಸುತ್ತಿದ್ದೆ. ಫೋನಿನಲ್ಲಿದ್ದವನ್ನೂ ಅದೇ ಫೋಲ್ಡರಿಗೆ ಸುರಿದಿದ್ದೆ. ಪ್ರಿಂಟ್ ಅಂತ ಇರುವುದು ಗೋಡೆಯ ಮೇಲೆ ಒಂದೇ. ಊರಿನವರಿಗೆಲ್ಲ ಇವತ್ತೇ, ನಮ್ಮ ಮನೆಯದು ಯಾವಾಗಲೂ ನಾಳೆ.

ಆರು ವರ್ಷದವಳು. ಐದು ದಿನದ ಜ್ವರ. ಹೋಗಿ ಎರಡು ವರ್ಷವಾಯಿತು. ಆಮೇಲೆ ಆ ಫೋಲ್ಡರ್ ನಾನು ತೆರೆದಿಲ್ಲ. ಇವಳೂ ತೆರೆದಿಲ್ಲ ಅಂದುಕೊಂಡಿದ್ದೇನೆ.

ಇನ್ನೊಂದು ಸಲ ಹಾಕಿ ನೋಡಿದೆ. ಟಕ್.

ಮಾರ್ಚ್ 8, ಶನಿವಾರ

ಬೀದಿಯವರೆಲ್ಲ ವೈದ್ಯರೇ. ಡಿಸ್ಕನ್ನು ಫ್ರಿಜ್ಜಿನಲ್ಲಿಡಿ ಅಂದ ಟೈಲರ್. ಎರಡು ತಟ್ಟಿ, ಸರಿಹೋಗುತ್ತೆ ಅಂದ ಔಷಧಿ ಅಂಗಡಿಯವನು. ನಮ್ಮ ತಲೆನೋವಿಗೂ ಇವನೇ ಮಾತ್ರೆ ಕೊಡುವುದು.

ಕೊನೆಗೆ ಡಿಸ್ಕ್ ರಿಪೇರಿಯ ಮೇಡಂ ಹತ್ತಿರ ಒಯ್ದೆ. ಮಹಡಿ ಮೇಲಿನ ಸಣ್ಣ ಕೋಣೆ. ಅವರ ತಲೆಗೂದಲೆಲ್ಲ ಟೋಪಿಯೊಳಗೆ. ಸದ್ದು ಶುರುವಾದ ಮೇಲೆ ಎಷ್ಟು ಸಲ ಆನ್ ಮಾಡಿದಿರಿ ಅಂತ ಕೇಳಿದರು. ಮೂರು ಅಂದೆ. ಅರ್ಧ ಮೆಟ್ಟಿಲು ಇಳಿದವನು ತಿರುಗಿ ಹತ್ತಿದೆ. ಒಂಬತ್ತು ಅಂದೆ. ಬೈಯಲಿಲ್ಲ. ಬರೆದುಕೊಂಡರು.

ಒಳಗೆ ಕನ್ನಡಿಯಂಥ ತಟ್ಟೆ ತಿರುಗುತ್ತದಂತೆ. ಓದುವ ಹೆಡ್ ಅದಕ್ಕೆ ತಾಗದೆ ಮೇಲೆಮೇಲೆ ಓಡಬೇಕು. ನಮ್ಮದು ಕೆರೆಯುತ್ತಿದೆ. ಇದೇ ಜಾತಿಯ ಇನ್ನೊಂದು ಡಿಸ್ಕಿನ ಹೆಡ್ ತಂದು ಕೂರಿಸಬೇಕು. ಅದೂ ಹೆಚ್ಚು ಹೊತ್ತು ಬಾಳುವುದಿಲ್ಲ.

“ಮೊದಲು ಯಾವುದು ಬೇಕು? ಒಂದೇ ಫೋಲ್ಡರ್ ಹೇಳಿ ಅಣ್ಣ.”

ಹೇಳಿದೆ. ಆ ಹೆಸರು ಬರೆಯುವಾಗ ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿದರು.

ಮಾರ್ಚ್ 19, ಬುಧವಾರ

ಮೇಡಂದು ಇನ್ನೂ ಫೋನ್ ಇಲ್ಲ. ಇವಳು ಒಬ್ಬರ ಫೋಟೋ ಇನ್ನೊಬ್ಬರ ಕವರಿಗೆ ಹಾಕಿ ಕಳಿಸಿದಳು. ಹೆಂಗಸೊಬ್ಬರು ಸಿಟ್ಟಾಗಿ ಬಂದರು, ನನಗೆ ಮೀಸೆ ಯಾವಾಗ ಬಂತು ಅಂತ. ಇವಳು ನಕ್ಕಳು. ಎಷ್ಟೋ ದಿನಕ್ಕೆ. ನಗುತ್ತಲೇ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಮಾರ್ಚ್ 26, ಬುಧವಾರ

ಮೇಡಂ ಕರೆದರು. ಹೊಸ ಹೆಡ್ ಕೂತಿದೆ, ಪಟ್ಟಿ ಬಂದಿದೆ. ಮುನ್ನೂರ ಹನ್ನೆರಡು ಫೋಟೋ. ಬರೀ ಹೆಸರು, ಫೋಟೋ ಇನ್ನೂ ಬರಬೇಕು. ಪಕ್ಕದಲ್ಲೇ ಪ್ರತಿಯೊಂದನ್ನೂ ಕೊನೆಗೆ ತೆರೆದ ದಿನ. ಎರಡು ವರ್ಷದ ಹಿಂದಿನ ತಾರೀಖು ಇರುತ್ತದೆ ಅಂದುಕೊಂಡಿದ್ದೆ...

ಮಾರ್ಚ್ 1ಕ್ಕೆ ಆರು ಫೋಟೋ. ಅದರ ಹಿಂದಿನ ವಾರ ಆರು. ಅದರ ಹಿಂದಿನ ವಾರ ಆರು. ಎಲ್ಲ ಶನಿವಾರ. ವರ್ಷಕ್ಕೆ ಒಂದು ಸುತ್ತು. ಶನಿವಾರ ನಾನು ಆಲ್ಬಂ ಕೊಡಲು ಹೋಗಿರುತ್ತೇನೆ.

ಮನೆಗೆ ಬಂದು ಪಟ್ಟಿ ಅವಳ ಮುಂದಿಟ್ಟೆ.

“ವಾರ ವಾರ ನೋಡ್ತಿದ್ದೆಯಾ?”

“ಹೂಂ. ಆರೇ ಆರು. ಒಂದೇ ಸಲ ನೋಡಿ ಮುಗಿಸಿಬಿಟ್ರೆ ಆಮೇಲೆ?”

“ಪಕ್ಕದಲ್ಲೇ ಎರಡನೇ ಡಿಸ್ಕ್ ಇತ್ತಲ್ಲೇ. ಇದನ್ನೂ ಎಳೆದು ಹಾಕಬಾರದಿತ್ತಾ?”

ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು.

“ಹಾಕ್ಬೇಕಂದ್ರೆ ನಂಬರ್ ಕೊಡ್ಬೇಕಲ್ಲ ರೀ. ಕೆಲಸ ಮುಗಿದು, ಒಯ್ಯೋರು ಒಯ್ದ ಮೇಲೆ ತಾನೆ ನಾವು ನಂಬರ್ ಕೊಡೋದು.”



ಮಾರ್ಚ್ 29, ಶನಿವಾರ

ಹನ್ನೊಂದು. ಮುನ್ನೂರ ಹನ್ನೆರಡರಲ್ಲಿ ಹನ್ನೊಂದು. ಆಮೇಲೆ ಆ ಹೆಡ್ಡೂ ಹೋಯಿತು. ತಟ್ಟೆ ತೋರಿಸಿದರು. ನಡುವೆ ಉಂಗುರದ ಹಾಗೆ ಒಂದು ಗೀರು. ಅದರ ಮೇಲೆ ಇದ್ದದ್ದು ಪುಡಿಯಾಗಿ ಹೋಗಿದೆ, ಇನ್ಯಾವ ಹೆಡ್ ತಂದರೂ ಓದಲಾಗದು ಅಂದರು.

ಒಂದೇ ಸಲ ಆನ್ ಮಾಡಿ ಅಲ್ಲಿಗೇ ಬಿಟ್ಟಿದ್ದರೆ ಉಳಿಯುತ್ತಿತ್ತೇ ಅಂತ ಕೇಳಿದೆ.

ಮೇಡಂ ಕೈಗವಸು ಬಿಚ್ಚಿದರು. ಒಂದರ ಮೇಲೊಂದು ಇಟ್ಟರು.

“ಅದನ್ನ ಕೇಳಬೇಡಿ ಅಣ್ಣ.”

ಮಾರ್ಚ್ 30, ಭಾನುವಾರ. ಮಧ್ಯಾಹ್ನ 3

ಅಂಗಡಿ ತೆರೆಯಲಿಲ್ಲ. ಇಬ್ಬರೂ ಒಂದೇ ಕುರ್ಚಿಯಲ್ಲಿ ಇರುಕಿಕೊಂಡು ಕೂತೆವು. ನಾಲ್ಕು ಫೋಟೋ ಪೂರ್ತಿ ಇವೆ. ಉಳಿದ ಏಳು ಅರ್ಧಂಬರ್ಧ, ಕೆಳಗೆಲ್ಲ ಬೂದು ಬಣ್ಣ. ಒಂದರಲ್ಲಿ ಹಣೆ, ಕೂದಲು, ಮುಚ್ಚಿದ ಎರಡು ಕಣ್ಣು. ಮೂಗಿನಿಂದ ಕೆಳಗೆ ಏನೂ ಇಲ್ಲ.

ಇವಳು ಆ ಬೂದಿನ ಮೇಲೆ ಅಂಗೈ ಇಟ್ಟಳು.

“ಇಲ್ಲಿಂದ ಕೆಳಗೆ ನಂಗೆ ಗೊತ್ತು. ಬರ್ಕೊಳ್ಳಿ.”

ಬರೆದುಕೊಂಡೆ. ಮುಂದಿನ ಹಲ್ಲು ಒಂದಿಲ್ಲ. ಗಲ್ಲದ ಮೇಲೆ ಪೆನ್ನಿನ ಗೀಟು. ಎಡಗಾಲಿಗೆ ಕಾಲುಚೀಲ ಇದೆ, ಬಲಗಾಲಿನದು ಸ್ಟೂಲಿನ ಕೆಳಗೆ ಬಿದ್ದಿದೆ. ಅದನ್ನು ತೆಗೆದುಕೊಡು ಅಂತ ನನ್ನನ್ನು ಗದರಿಸಿದ್ದು ನನಗೂ ನೆನಪಿಗೆ ಬಂತು. ಅದನ್ನೂ ಬರೆದೆ. ಕೈ ಓಡುತ್ತಿತ್ತು. ಹೀಗೆ ಮುನ್ನೂರ ಹನ್ನೆರಡನ್ನೂ ಬರೆದಿಡಬಹುದು ಅನ್ನಿಸಿತು.

ಆಮೇಲೆ ಫ್ರಾಕು. ಹಳದಿ ಅಂತ ಬರೆದೆ. ಇವಳು ನೀಲಿ ಅಂದಳು. ವಾರ ವಾರ ನೋಡಿದವಳು ನೀನು, ಸರಿ, ಆದರೆ ಹೊಲಿಸಿದವನು ನಾನು ಅಂದೆ. ಆ ಫ್ರಾಕು ಬೇರೆ, ಇದು ಬೇರೆ ಅಂದಳು. ಇಬ್ಬರೂ ಪಟ್ಟು ಬಿಡಲಿಲ್ಲ. ಪೂರ್ತಿ ಇದ್ದ ನಾಲ್ಕನ್ನೂ ಮತ್ತೆ ತೆರೆದು ಹುಡುಕಿದೆವು. ಅವುಗಳಲ್ಲಿ ಆ ಫ್ರಾಕು ಇಲ್ಲ.

ಈಗ ಹೇಳಬೇಕಾದವಳು ಮಿಣಕಿಯೇ.