ನಾಲ್ಕನೇ ಕಂತಿನ ಚಾಕು

ಕ್ರೌ ಫೋರ್ಕ್, ಉತ್ತರ ಡಕೋಟಾ
ನವೆಂಬರ್ ೧೮, ಸೋಮವಾರ ಬೆಳಿಗ್ಗೆ

ಪ್ರೀತಿಯ ಟ್ರೆಂಟ್,

ದವಡೆಯ ಊತ ಇಳಿಯಿತೇ? ಆ ಜೈಲಿನ ದಂತವೈದ್ಯ ಕೀಳುವುದೊಂದನ್ನು ಬಿಟ್ಟು ಬೇರೇನೂ ಕಲಿತಂತೆ ಕಾಣುವುದಿಲ್ಲ. ದಿನಕ್ಕೆರಡು ಸಲ ಉಪ್ಪುನೀರು ಮುಕ್ಕಳಿಸು, ಸೋಮಾರಿತನ ಮಾಡಬೇಡ. ಉಣ್ಣೆಯ ಕಾಲುಚೀಲ ಕೈಸೇರಿತೆಂದು ತಿಳಿಯುತ್ತೇನೆ. ನಾನು ಗಟ್ಟಿಯಾಗಿಯೇ ಇದ್ದೇನೆ, ಮಂಡಿಯದೊಂದು ಕಿರಿಕಿರಿ ಬಿಟ್ಟರೆ.

ನಾವು ನೋಡುವ ಆ ಕೊಲೆಯ ಧಾರಾವಾಹಿ ಮತ್ತೆ ಶುರುವಾಗಿದೆ. ಸೀಸನ್ನಿಗೊಂದು ಊರು, ಸೀಸನ್ನಿಗೊಂದು ಹೆಣ. ಈ ಐದನೆಯದು ನಮ್ಮ ಡಕೋಟಾದಲ್ಲೇ ನಡೆಯುತ್ತದೆ. ಭಾನುವಾರ ಚರ್ಚು ಮುಗಿಸಿಕೊಂಡು ಲವೋನ್ ಮತ್ತು ಗೇಲ್ ನೇರ ನಮ್ಮ ಮನೆಗೆ ಬರುತ್ತಾರೆ, ನಾನು ಮಾಂಸ, ಆಲೂಗಡ್ಡೆ ಹಾಕಿ ಹಾಟ್‌ಡಿಶ್ ಬೇಯಿಸಿಟ್ಟಿರುತ್ತೇನೆ. ಗೇಲ್‌ಗೆ ಎರಡನೇ ಸೀಸನ್ ಬಿಟ್ಟು ಮತ್ತಾವುದೂ ಹಿಡಿಸಿಲ್ಲ. "ಇದೂ ಒಂದು ಹಿಮಾನಾ? ಸೋಪಿನ ನೊರೆ ಕಣೇ. ಚಳಿಗೆ ಒಬ್ಬನ ಕಿವೀನಾದ್ರೂ ಕೆಂಪಾಗಿದ್ಯಾ ನೋಡು" ಎಂದು ನಿನ್ನೆಯೂ ವರಾತ ತೆಗೆದಳು. "ಬಾಯ್ಮುಚ್ಕೊಂಡು ಹಾಟ್‌ಡಿಶ್ ತಿನ್ನು, ಹೆಣ ಬೀಳೋ ಹೊತ್ತಾಯ್ತು" ಎಂದು ಲವೋನ್ ಗದರಿದಳು.

ಹೆಣ ಬಿತ್ತು. ಈ ನಾಲ್ಕನೇ ಕಂತಿನಲ್ಲಿ ಒಬ್ಬ ಗಂಡ ಹೆಂಡತಿಯ ಕೂದಲು ಹಿಡಿದು ಮುಖವನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಮೂರು ಸಲ ಬಡಿಯುತ್ತಾನೆ. ಹಲ್ಲೊಂದು ಕಿತ್ತುಬಂದು ನೆಲದ ಮೇಲೆ ಉರುಳುತ್ತದೆ. ದೀಪ ಆರುತ್ತದೆ. ಮತ್ತೆ ಹತ್ತಿದಾಗ ಅವನು ಒಲೆಯ ಮುಂದೆ ಬಿದ್ದಿದ್ದಾನೆ, ಪಕ್ಕೆಯಲ್ಲಿ ಜಿಂಕೆ ಸುಲಿಯುವ ಚಾಕು, ಬಾಯಲ್ಲಿ ರಕ್ತದ ಗುಳ್ಳೆ. ಆರಡಿ ಎತ್ತರದ ಮಗ ಪೊಲೀಸರಿಗೆ ಕೊಂದದ್ದು ನಾನೇ ಎನ್ನುತ್ತಾನೆ. ನಾನು ತಟ್ಟೆ ಕೆಳಗಿಟ್ಟೆ. ನಿನ್ನ ಅಪ್ಪ ಸತ್ತ ಬಗೆಯನ್ನಾಗಲಿ, ನೀನು ಇನ್ನೂ ಹದಿನಾಲ್ಕು ವರ್ಷ ಒಳಗಿರಬೇಕೆನ್ನುವುದನ್ನಾಗಲಿ ಈ ಊರಿನಲ್ಲಿ ಆರು ವರ್ಷಗಳಿಂದ ಯಾರೂ ನನ್ನೆದುರು ಎತ್ತಿಲ್ಲ.

ಹೆಣ ಕೊಯ್ಯುವ ದೃಶ್ಯ ಬಂದಾಗ ಲವೋನ್ ಚಿತ್ರ ನಿಲ್ಲಿಸಿದಳು. ಪ್ರತಿ ವರ್ಷ ಗ್ಯಾರೇಜಿನಲ್ಲಿ ಬೇಟೆಯ ಐದಾರು ಜಿಂಕೆ ಕಡಿಯುವವಳು, ಗಾಯ ನೋಡಿದರೆ ಸುಮ್ಮನಿರುತ್ತಾಳೆಯೇ? "ಮಗ ಅಲ್ಲ ಕಣ್ರೇ. ಅಷ್ಟುದ್ದದೋನು ಇರಿದ್ರೆ ಚಾಕು ಮೇಲಿಂದ ಇಳಿಯತ್ತೆ. ಇದು ಪಕ್ಕೆಲುಬಿನ ಕೆಳಗೆ ಹೊಕ್ಕು ಮೇಲಕ್ಕೆ ಹೋಗಿದೆ. ಗಿಡ್ಡ ಕೈ. ಅಮ್ಮಂದೇ ಕೆಲಸ." ಗೇಲ್ ಕತೆಯಲ್ಲಿ ಎಷ್ಟು ಮುಳುಗಿದ್ದಳೆಂದರೆ ಪಕ್ಕದಲ್ಲಿ ಕೂತವಳು ಯಾರೆಂಬುದೇ ಅವಳಿಗೆ ಮರೆತಿತ್ತು. "ಅಂಥ ಗಂಡನ್ನ ಕೊಂದಿದ್ದಕ್ಕೆ ನಾನೇ ಅವಳಿಗೆ ಹೂ ಕೊಡ್ತೀನಿ. ಆದ್ರೆ ಹೆತ್ತ ಮಗನ್ನ ಜೈಲಿಗೆ ಕಳಿಸಿ, ಬಿಸಿಬಿಸಿ ತಿಂದ್ಕೊಂಡು ಮನೇಲಿ ಕೂತಿದಾಳಲ್ಲ, ಥೂ, ಅವಳೆಂಥ ತಾಯಿ?"

ಲವೋನ್ ನನ್ನನ್ನು ನೋಡಿದಳು. ನನ್ನ ಐದಡಿ ಎತ್ತರವನ್ನೂ ನೋಡಿದಳೇನೋ. ಆಮೇಲೆ ತಟ್ಟೆಗಳನ್ನೆಲ್ಲ ಅವಳೇ ತೊಳೆದಳು. ಹೊರಡುವಾಗ ನನ್ನ ಮಣಿಕಟ್ಟು ಹಿಡಿದು, "ಹಾಟ್‌ಡಿಶ್ ಚೆನ್ನಾಗಿತ್ತು ಮಾರ್ವಾ" ಎಂದಳು, ಅಷ್ಟೆ. ನಾನು ಎರಡನೇ ಸಲ ಬಡಿಸಿಕೊಂಡಿದ್ದೆ, ಟ್ರೆಂಟ್.

ಲವೋನ್ ನಿನ್ನ ಯೋಗಕ್ಷೇಮ ಕೇಳಿದ್ದಾಳೆ. ಹಲ್ಲಿನ ಮಾತ್ರೆ ತಪ್ಪಿಸಬೇಡ. ದೇವರು ನಿನ್ನನ್ನು ಬೇಗ ಹೊರಗೆ ತರಲಿ, ಬೆನ್ನಿಗೆ ಬಿಸಿಲು ಬೀಳಲಿ.

ನಿನ್ನ ಅಮ್ಮ,
ಮಾರ್ವಾ

ತಾ.ಕ.: ಜೈಲಿನವರು ಒಡೆದು ಓದುತ್ತಾರೆ, ಆ ವಿಷಯ ಬರೆಯಬೇಡ ಎಂದು ಪ್ರತಿ ಭೇಟಿಯಲ್ಲೂ ಹೇಳುತ್ತೀ. ಓದಲಿ ಎಂದೇ ಬರೆಯುತ್ತಿದ್ದೇನೆ. ನನ್ನ ಗಂಡ ಟ್ರೆಂಟ್‌ನನ್ನು ಫ್ರಿಜ್ಜಿಗೆ ಒತ್ತಿ ಕುತ್ತಿಗೆ ಹಿಸುಕುತ್ತಿದ್ದ, ಹುಡುಗನ ತುಟಿ ನೀಲಿಗಟ್ಟಿತ್ತು. ಇರಿದವಳು ನಾನು. ಎರಡು ಸಲ. ಎರಡನೆಯದು ಅವನು ಕೈ ಬಿಟ್ಟ ಮೇಲೆ. ಟ್ರೆಂಟ್ ಚಾಕು ಮುಟ್ಟಿದ್ದು ನನ್ನ ಕೈಯಿಂದ ಕಿತ್ತುಕೊಳ್ಳಲು ಮಾತ್ರ. ಈ ಕಾಗದ ಒಡೆದ ಅಧಿಕಾರಿಗಳೇ, ಇದನ್ನು ಅವನಿಗೆ ಕೊಡುವ ಮೊದಲು ಷೆರಿಫ್‌ಗೆ ಕೊಡಿ. ಟ್ರೆಂಟ್ ಕೈಗೆ ಕೊಟ್ಟರೆ ಅವನು ಹರಿದು ನುಂಗಿಬಿಡುತ್ತಾನೆ. ನಾನು ಮನೆಯಲ್ಲೇ ಇರುತ್ತೇನೆ.