ರೋಗಿ ನೋಡಲು ಬಂದವರು ತಂದ ಬ್ರೆಡ್ಡು

ಆಹಾರ ಸುರಕ್ಷತೆಯ ಹೊಣೆ ಹೊತ್ತ ಮಾನ್ಯರೇ,

ಸಿಹಿ ಬ್ರೆಡ್ಡಿನೊಳಗೆ ಉಪ್ಪು ಬಚ್ಚಿಟ್ಟು ಮಾರಲು ಬಿಟ್ಟಿದ್ದೀರಲ್ಲ, ನಿಮ್ಮ ಕಚೇರಿಯೆಂದರೆ ನನಗೆ ಹೇಸಿಗೆ. ಬಸ್ ನಿಲ್ದಾಣದ ಗೋಡೆಯ ಮೇಲೆ ‘ಉಪ್ಪು ಕಡಿಮೆ ತಿನ್ನಿ’ ಎಂದು ಆಳೆತ್ತರಕ್ಕೆ ಬರೆಸಿದವರು ನೀವು. ಪೊಟ್ಟಣದ ಬೆನ್ನಿನ ಮಡಿಕೆಯಡಿ, ಇಂಗ್ಲಿಷಿನಲ್ಲಿ, ಇರುವೆ ಕಾಲಿನಂಥ ಅಕ್ಷರಗಳಲ್ಲಿ ಉಪ್ಪಿನ ಲೆಕ್ಕ ಬರೆಯಲು ಒಪ್ಪಿಗೆ ಕೊಟ್ಟವರೂ ನೀವೇ.

ನನ್ನ ಮಗ ಅಸದ್‌ಗೆ ಐದು ವರ್ಷ. ಮೂತ್ರಪಿಂಡದ ಕಾಯಿಲೆ. ಬೆಳಿಗ್ಗೆ ಎದ್ದರೆ ರೆಪ್ಪೆ ಊದಿ ಕಣ್ಣೇ ತೆರೆಯದು. ಶಿರಸಿಯ ವೈದ್ಯರು ಉಪ್ಪು ಬಿಡಿಸಿ ಎಂದರು. ಅವನಿಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಸಾರು ಮಾಡಿದೆ, ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೇರಿಸಿದೆ. ಊತ ಇಳಿಯಲಿಲ್ಲ.

ಕಾಯಿಲೆ ನೋಡಲು ಬರುವವರು ಬರಿಗೈಯಲ್ಲಿ ಬರುತ್ತಾರೆಯೇ? ಒಬ್ಬೊಬ್ಬರೂ ಒಂದು ಬ್ರೆಡ್ಡು, ಎರಡು ಬಿಸ್ಕತ್ತು ಪೊಟ್ಟಣ ತಂದರು. ನಮ್ಮಲ್ಲಿ ರೋಗಿಯ ಊಟವೆಂದರೆ ಅದೇ. ಸಾರನ್ನು ಉಗುಳುತ್ತಿದ್ದ ಮಗು ಹಾಲಿನಲ್ಲಿ ಅದ್ದಿದ ಬ್ರೆಡ್ಡಿಗೆ ಬಾಯಿ ತೆರೆಯುತ್ತಿತ್ತು. ಅಂತೂ ಹೊಟ್ಟೆಗೆ ಬಿತ್ತಲ್ಲ ಎಂದು ದಿನಕ್ಕೆ ಮೂರು ಸಲ ನಾನೇ ತಿನ್ನಿಸಿದೆ.

ಅನುಮಾನಿಸಿದ್ದು ಮಾತ್ರ ಅತ್ತೆ ಜೈನಾಬ್ ಅವರನ್ನು. “ಕದ್ದು ಉಪ್ಪಿನಕಾಯಿ ನೆಕ್ಕಿಸ್ತೀರಿ ಅಲ್ವಾ?” ಎಂದು ನೆರೆಯವರೆದುರೇ ಕೇಳಿದೆ.

“ಅಲ್ಲಾ ಕಸಮ್, ಒಂದು ಹರಳೂ ಕೊಟ್ಟಿಲ್ಲವಾ. ನನ್ನ ಮೊಮ್ಮಗ ಅಲ್ಲೇನು ಅಂವ?” ಎಂದರು. ನಂಬಲಿಲ್ಲ. ಇನ್ನು ಅವನಿಗೆ ನೀವು ತಿನ್ನಿಸುವುದು ಬೇಡ ಎಂದುಬಿಟ್ಟೆ.

ಮುಂದಿನ ಸಲ ಹೋದಾಗ ವೈದ್ಯರು ನನ್ನ ಚೀಲದಿಂದ ಇಣುಕುತ್ತಿದ್ದ ಬ್ರೆಡ್ಡಿನತ್ತ ಬೆರಳು ತೋರಿಸಿದರು. “ಅದ್ರಲ್ಲಿ ಎಂತ ಇದೆ, ಓದಿ ನೋಡಿ ಮಾರಾಯ್ರೆ.” ಓದಿದೆ, ಉಪ್ಪಿತ್ತು. ಮನೆಗೆ ಬಂದು ಬಿಸ್ಕತ್ತಿನದನ್ನೂ ಓದಿದೆ. ಅದರಲ್ಲಿ ಉಪ್ಪು ಸಾಲದೆಂದು ಉಪ್ಪಿನಲ್ಲಿರುವ ಅದೇ ಸೋಡಿಯಂ ಅಡುಗೆ ಸೋಡಾದಿಂದ ಬೇರೆ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ನನಗೇ ಕಾಣದ್ದು ಇಂಗ್ಲಿಷ್ ಬಾರದ ಅತ್ತೆಗೆ ಕಾಣಬೇಕಿತ್ತೇ? ನಾಲಿಗೆಗೂ ಸಿಗದ ಉಪ್ಪನ್ನು ಕಡಿಮೆ ತಿನ್ನುವುದು ಹೇಗೆ ಮಾನ್ಯರೇ, ನಿಮ್ಮ ಗೋಡೆ ನೋಡಿಕೊಂಡೇ?

ಬ್ರೆಡ್ಡು ನಿಲ್ಲಿಸಿದ ಮೇಲೆ ಊತ ಇಳಿಯುತ್ತಿದೆ. ಅತ್ತೆಯ ಕ್ಷಮೆ ಕೇಳಿದೆ. “ಇರ್ಲಿ ಬಿಡು” ಎಂದರು. ಆದರೆ ಈಗಲೂ ಮೊಮ್ಮಗನ ಬಾಯಿಗೆ ಒಂದು ತುತ್ತು ಇಡುವ ಮೊದಲು ನನ್ನ ಮುಖ ನೋಡುತ್ತಾರೆ. ಅದಕ್ಕೆ ನಿಮ್ಮ ಬಳಿ ಯಾವ ನಿಯಮವಿದೆ?

ಪೊಟ್ಟಣದ ಮುಖದ ಮೇಲೆ, ಕನ್ನಡದಲ್ಲಿ, ಕಂಪನಿಯ ಹೆಸರಿನಷ್ಟೇ ದೊಡ್ಡದಾಗಿ, ಉಪ್ಪು ಎಷ್ಟಿದೆಯೆಂದು ಬರೆಸಿ. ಚೀಟಿಯೇ ಇಲ್ಲದ ಬೇಕರಿ ಬನ್ನಿನ ಗಾಜಿನ ಪೆಟ್ಟಿಗೆಯ ಮೇಲೂ ಬರೆಸಿ. ಅಲ್ಲಿಯವರೆಗೆ ಆ ಗೋಡೆಗೆ ಸುಣ್ಣ ಬಳಿಸಿ.

ಇಂತಿ,
ಅತ್ತೆಯ ಕೈ ತಡೆದು, ತನ್ನ ಕೈಯಾರೆ ಉಪ್ಪು ತಿನ್ನಿಸಿದ
ಶಾಜಿಯಾ, ಯಲ್ಲಾಪುರ